ಗುಡ್ಡದ ಬುಡಕ್ಕೆ ಕುರಿ ತರುಬಿದ್ದು

ನಮ್ಮತ್ತೆ ಲಾಲಬಿ ಹಟ ಹಿಡಿದಳೆಂದರೆ ಗೊಳಸಂಗಿಯಲ್ಲಿ ಯಾರ ಮಾತೂ ನಡೆಯುವುದಿಲ್ಲ. ಸೊಸೆಯಾದ ನನ್ನದಂತೂ ಕೇಳಲೇಬೇಡಿ.

ಊರಿನ ಕೊನೆಯ ಮನೆ ನಮ್ಮದು. ಹಿತ್ತಲು ದಾಟಿದರೆ ಹುಲ್ಲು, ಹುಲ್ಲು ದಾಟಿದರೆ ಗುಡ್ಡದ ಕಾಡು. ಒಣ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆಂದು ಕುರಿಯವರು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುತ್ತಾರೆ. ಹೋದ ವರ್ಷ ಆ ಬೆಂಕಿ ನಮ್ಮ ಹಿತ್ತಲಿಗೇ ಇಳಿದು, ಕಟ್ಟಿದ್ದ ಎಮ್ಮೆ ಗೂಟದಲ್ಲೇ ಸತ್ತಿತು. ಹಚ್ಚಿದವನು ಕುರಿಯವ ಸೋಮನಿಂಗ ಎಂದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬ ಒಪ್ಪಲಿಲ್ಲ. ಅತ್ತೆ ಆ ಗೂಟ ಕೀಳಲಿಲ್ಲ.

"ಮುಂದಿನ ಸಲ ಮನೀನ ಹೋಗತೈತಿ. ನಾ ಬಿಡಾಂಗಿಲ್ಲ" ಎಂದಳು.

ಈ ವರ್ಷ ಸುಗ್ಗಿ ಮುಗಿದದ್ದೇ ತಡ, ಸೋಮನಿಂಗನನ್ನೇ ಕರೆಸಿದಳು. ಹೊಲದಲ್ಲಿ ರಾತ್ರಿ ಕುರಿ ತರುಬಿದರೆ, ಅಂದರೆ ಮಂದೆ ನಿಲ್ಲಿಸಿ ಮಲಗಿಸಿದರೆ, ಹಿಕ್ಕೆಯೇ ಗೊಬ್ಬರವಾಗುತ್ತದೆ, ಕುರಿಯವನಿಗೆ ಜೋಳ ಕೊಡುತ್ತೇವೆ. ಆದರೆ ಅತ್ತೆ ತೋರಿಸಿದ್ದು ಹೊಲವನ್ನಲ್ಲ, ಕಾಡಿಗೂ ಮನೆಗೂ ನಡುವಿನ ಹುಲ್ಲನ್ನು.

"ಅಲ್ಲೇನ ಬಿತ್ತತಿಬೇ ಯಕ್ಕಾ?" ಎಂದು ಅವನು ನಕ್ಕ.

"ಕಲ್ಲ ಬಿತ್ತತೇನಿ. ನಿನಗ ಜ್ವಾಳ ಸಿಕ್ಕರ ಸಾಕಿಲ್ಲೊ?"

ನನಗೆ ಮೈಯೆಲ್ಲ ಉರಿಯಿತು. ಹೊಲಕ್ಕೆ ಗೊಬ್ಬರವಿಲ್ಲ, ಹೊಟ್ಟೆಗಿಟ್ಟ ಜೋಳ ಬರಡು ನೆಲದ ಪಾಲು! ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಸಂಜೆ ಮಂದೆ ಕಾಡಿನ ಅಂಚಿಗುಂಟ ಸರಿಯುತ್ತ ಹೋಯಿತು. ಕುರಿ ತಿಂದು ತುಳಿದು ಬಿಟ್ಟದ್ದನ್ನು ನಾವಿಬ್ಬರೂ ಕುಡಗೋಲಿನಿಂದ ಕೊಯ್ದು ಗುಡಿಸಿದೆವು. ನಾನಂತೂ ಬೈಯುತ್ತಲೇ ಗುಡಿಸಿದೆ. ಕೊನೆಗೆ ಎರಡು ಬಂಡಿ ಹೋಗುವಷ್ಟು ಅಗಲಕ್ಕೆ ಬರೀ ಮಣ್ಣು ಉಳಿಯಿತು.

ಒಂದು ಮಧ್ಯಾಹ್ನ ಸೋಮನಿಂಗ ಎಳೆ ಮರಿಗಳನ್ನು ನಮ್ಮ ಗೋಡೆಯ ನೆರಳಿಗೆ ಕೂಡಿಹಾಕಿ, ಕುರಿ ಹೊಡೆದುಕೊಂಡು ಗುಡ್ಡದಾಚೆ ಹೋದ. ಚಟ ಬಿಡಬೇಕಲ್ಲ! ಆ ಮಗ್ಗುಲಿಗೆ ಕಡ್ಡಿ ಗೀರಿದ. ಗಾಳಿ ತಿರುಗಿತು, ಬೆಂಕಿ ಗುಡ್ಡ ಹತ್ತಿ ನಮ್ಮ ಕಡೆಗೇ ಇಳಿಯಿತು. ಮರಿಗಳು ಒದರತೊಡಗಿದವು. ಅತ್ತೆ ಹಸಿ ಬೇವಿನ ಟೊಂಗೆ ಮುರಿದು ನನ್ನ ಕೈಗೆ ಕೊಟ್ಟು, "ಹಾರಿ ಬಂದ ಕಿಡಿ ಅಷ್ಟ ಬಡಿ" ಎಂದಳು.

ಬೆಂಕಿ ಮಣ್ಣಿನ ಅಂಚಿಗೆ ಬಂತು. ತಿನ್ನಲು ಏನೂ ಸಿಗದೆ ಅಲ್ಲೇ ಆರಿತು.

ಸೋಮನಿಂಗ ಏದುಸಿರು ಬಿಡುತ್ತ ಓಡಿಬಂದು ಮರಿಗಳನ್ನು ತಬ್ಬಿಕೊಂಡು ಅತ್ತ. ಆಮೇಲೆ ಒಂದು ಹೆಣ್ಣುಮರಿಯನ್ನು ತಂದು ಎಮ್ಮೆಯ ಗೂಟಕ್ಕೆ ಕಟ್ಟಿದ.

"ಆ ಎಮ್ಮಿ ಜೀವಾ ತಗದಾಂವ ನಾನ, ಯಕ್ಕಾ."

ಅತ್ತೆ ಹಗ್ಗ ಬಿಚ್ಚಿ ಮರಿಯನ್ನು ಅವನ ಕೈಗೇ ಕೊಟ್ಟಳು. "ಮರಿ ಬ್ಯಾಡ. ಬರೋ ವರ್ಷಾನೂ ಕುರಿ ಇಲ್ಲೇ ತರುಬು."

"ತರುಬತೇನಿ. ಜ್ವಾಳ ಬ್ಯಾಡ ಯಕ್ಕಾ."

ಅವನು ಹೋದ ಮೇಲೆ ಅತ್ತೆ ತಾನೇ ಆ ಗೂಟ ಕಿತ್ತಳು.