ಐದನೆಯ ಪುಸ್ತಕದ ಕರಿಗಾಳಿ

ಶಹಾಪುರದ ಸಾಬಣ್ಣನ ಮನೆಯಲ್ಲಿ ಒಂದು ಗೊಂಬೆ ಮಾತ್ರ ಪೆಟ್ಟಿಗೆಯ ಹೊರಗಿತ್ತು. ಅದನ್ನು ನಡುಮನೆಯ ಗೂಟಕ್ಕೆ ತೂಗುಹಾಕಿ, ಮುಖದ ಮೇಲೆ ಹಳೆಯ ಧೋತರದ ತುಂಡು ಹೊದಿಸಿದ್ದರು. ಅದು ಮಾಯಾವಿ ಕರಿಗಾಳಿಯ ಗೊಂಬೆ.

ಸಾಬಣ್ಣನ ಮನೆತನದವರು ತೊಗಲುಗೊಂಬೆ ಆಡಿಸುವವರು. ಪರದೆಯ ಹಿಂದೆ ದೀಪ ಹಚ್ಚಿ ದೇವರ ಕಥೆಗಳನ್ನಷ್ಟೇ ಆಡಿದವರು. ಹೊಸ ಕಥೆಯನ್ನು ಪರದೆಗೆ ತಂದವನು ಮಗ ಅಂಬಣ್ಣ. ಹೈದರಾಬಾದಿನಿಂದ ಉರ್ದುವಿನಲ್ಲಿ ‘ಏಳು ಬೀಗದ ಕೋಟೆ’ ಎಂಬ ಕಾದಂಬರಿ ಒಂದೊಂದೇ ಪುಸ್ತಕವಾಗಿ ಬರುತ್ತಿತ್ತು. ಕಚೇರಿಯ ಗುಮಾಸ್ತರಿಂದ ಹಿಡಿದು ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಅದೇ ಕಥೆ. ಪಕ್ಕದ ಮನೆಯ ಮಕ್ತುಂಬಿ ತೀರಿಹೋದ ಶಾಲಾಮಾಸ್ತರರ ಹೆಂಡತಿ. ಅವಳ ಗಂಡನ ಹೆಸರಿಗೇ ಪುಸ್ತಕಗಳು ಬರುತ್ತಿದ್ದವು. ಉರ್ದು ಬಾರದ ಸಾಬಣ್ಣನ ಮನೆಯವರಿಗೆ ಅವಳು ಓದಿ ಹೇಳುವಳು. ಅಂಬಣ್ಣ ತೊಗಲು ಕತ್ತರಿಸುವನು.

ಪುಸ್ತಕದಲ್ಲಿ ಮೂವತ್ತು ಪುಟ ಹಬ್ಬಿದ್ದ ತೋಟ ಅವನ ಕೈಯಲ್ಲಿ ಒಂದೇ ಮರವಾಯಿತು. ಏಳು ರಾಜಕುಮಾರಿಯರಿಗೆ ತೊಗಲು ಸಾಲದೆ ಇಬ್ಬರೇ ಉಳಿದರು. ಉಳಿದ ಐವರನ್ನು ಎಲ್ಲಿ ಕಳಿಸಿದೆ ಎಂದು ಮಕ್ತುಂಬಿ ಗದರಿದಾಗ, “ತವರಮನಿಗೆ ಹೋಗ್ಯಾರ ವೈನಿ, ಹಬ್ಬ ಮುಗಿಸ್ಕೊಂಡು ಬರ್ತಾರ” ಎಂದಿದ್ದ.

ಆ ಮನೆಗೆ ಒಂದು ಕಟ್ಟಳೆಯಿತ್ತು. ಗೊಂಬೆಗೆ ಕಣ್ಣನ್ನು ಕೊನೆಗೆ, ಪೂಜೆ ಮಾಡಿ ಕೊರೆಯಬೇಕು. ಕಣ್ಣು ತೆರೆದ ರಾಕ್ಷಸನನ್ನು ಪರದೆಯ ಮೇಲೆ ಕೊಂದ ಮೇಲೆಯೇ ಪೆಟ್ಟಿಗೆಗೆ ಇಡಬೇಕು. ಕೊಲ್ಲದೆ ಬಿಟ್ಟರೆ ಅವನು ಮನೆಯವರ ಉಸಿರು ಕುಡಿಯುತ್ತಾನೆ. ಕಥೆಯಲ್ಲಿ ಇಲ್ಲದ ಸಾವನ್ನು ತಾವೇ ಹುಟ್ಟಿಸಿ ಕೊಟ್ಟರೆ, ಆ ಸಾವು ಪರದೆಯಿಂದ ಇಳಿದು ಮನೆಯೊಳಗೆ ಬರುತ್ತದೆ.

ನಾಲ್ಕನೆಯ ಪುಸ್ತಕದ ಕೊನೆಯಲ್ಲಿ, ಐದನೆಯದು ತಿಂಗಳೊಳಗೆ ಬರುವುದೆಂದೂ ಅದರಲ್ಲಿ ಕಥೆ ಮುಗಿಯುವುದೆಂದೂ ಛಾಪಿಸಿದ್ದರು. ಅದನ್ನು ನಂಬಿ ಅಂಬಣ್ಣ ಆ ಕಥೆಯ ರಾಕ್ಷಸ ಕರಿಗಾಳಿಯ ಕಣ್ಣು ಕೊರೆದ. ಸುರಪುರದಲ್ಲಿ ನಾಲ್ಕು ದಿನ ಆಟವಾಯಿತು. ಅಷ್ಟರಲ್ಲಿ ನಿಜಾಮನ ಸಂಸ್ಥಾನದಲ್ಲಿ ಗಲಭೆ ಎದ್ದಿತು. ರೈಲು ನಿಂತಿತು, ಟಪಾಲು ನಿಂತಿತು, ಪುಸ್ತಕ ಬರಲಿಲ್ಲ, ಕರಿಗಾಳಿ ಸಾಯದೆ ಉಳಿದ. ಶ್ರಾವಣದಲ್ಲಿ ಅಂಬಣ್ಣ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ಆಗ ಅವನ ಹೆಂಡತಿ ಲಾಲಮ್ಮ ಆರು ತಿಂಗಳ ಗರ್ಭಿಣಿ.

ಭಾದ್ರಪದದಲ್ಲಿ ಭಾರತದ ಫೌಜು ಬಂದು ನಿಜಾಮನ ಆಳಿಕೆ ಮುಗಿಯಿತು. ಆ ವಾರ ಮುಸಲ್ಮಾನರ ಓಣಿಯಲ್ಲಿ ಒಲೆ ಹೊತ್ತಲಿಲ್ಲ. ಸಾಬಣ್ಣ ಮಕ್ತುಂಬಿಯನ್ನು ತನ್ನ ಮನೆಗೆ ಕರೆತಂದ. ಮುಸಲ್ಮಾನರನ್ನು ಹುಡುಕುತ್ತ ಬಂದವರಿಗೆ, ಇವಳು ನನ್ನ ತಮ್ಮನ ಮಗಳೆಂದು ಹೇಳಿ ಅವರನ್ನು ಬಾಗಿಲಿನಿಂದಲೇ ಕಳಿಸಿದ. ಆ ಉಪಕಾರವನ್ನು ಮಕ್ತುಂಬಿ ಐದು ಹೊತ್ತಿನ ನಮಾಜಿನಲ್ಲೂ ನೆನೆದಳು. ಅವಳು ಮಲಗುವ ಜಾಗ ಆ ಗೂಟದ ಕೆಳಗಿತ್ತು. ಗಾಳಿಗೆ ತೊಗಲು ಗೋಡೆಗೆ ತಾಗಿ ಸದ್ದಾದಾಗಲೆಲ್ಲ ಲಾಲಮ್ಮ ಹೊಟ್ಟೆ ಮುಚ್ಚಿಕೊಳ್ಳುವುದನ್ನು ಅವಳು ನೋಡುತ್ತಿದ್ದಳು.

ಕಾರ್ತಿಕದಲ್ಲಿ ಲಾಲಮ್ಮನಿಗೆ ನೋವು ಕಾಣಿಸಿತು. ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಮಾಳಮ್ಮ ಹೊರಗೆ ಬಂದು, ಕೂಸು ಸರಿಯಾಗೇ ಇದೆ, ತಾಯಿಯೇ ಹೆದರಿ ಮೈ ಬಿಗಿ ಹಿಡಿದಿದ್ದಾಳೆ, ಕಣ್ಣೆಲ್ಲ ಆ ಗೂಟದ ಕಡೆಗೇ ಇದೆ ಎಂದಳು. ಗೊಂಬೆಯನ್ನು ಹೊರಗೆ ಒಯ್ಯಿರೆಂದರೆ ಸಾಬಣ್ಣ ಒಪ್ಪಲಿಲ್ಲ. ಹೊರಗೆ ಬಿಟ್ಟರೆ ಅವನು ಯಾರ ಮನೆ ಹೊಗುವನೋ ಎಂದ.

ಅದೇ ಮಧ್ಯಾಹ್ನ ಟಪಾಲಿನ ಭೀಮರಾಯ ಯಾದಗಿರಿ ಸ್ಟೇಷನ್ನಿನಲ್ಲಿ ಬಿದ್ದಿದ್ದ ಕಟ್ಟೊಂದನ್ನು ತಂದುಕೊಟ್ಟ. “ಮಾಸ್ತರ ಸತ್ತು ಎರಡು ವರ್ಷ ಆತು, ಪುಸ್ತಕ ಇನ್ನಾ ಬರಾಕತ್ತಾವ ನೋಡ್ರಿ” ಎಂದು ನಕ್ಕ. ಕಟ್ಟಿನೊಳಗೆ ಐದನೆಯ ಪುಸ್ತಕವಿತ್ತು.

ಸಾಬಣ್ಣ ಕಟ್ಟನ್ನು ಕಣ್ಣಿಗೊತ್ತಿಕೊಂಡು ಮಕ್ತುಂಬಿಯ ಮುಂದಿಟ್ಟ. “ಮೊದಲಿಂದ ಬ್ಯಾಡವ್ವ. ಅವ ಸಾಯೋದು ಓದು.”

ಅವಳು ಕೊನೆಯ ಹಾಳೆಗಳನ್ನು ತೆಗೆದಳು. ಏಳನೆಯ ಬೀಗ ಮುರಿದಿತ್ತು. ರಾಜಕುಮಾರ ಕತ್ತಿ ಎತ್ತಿದ್ದ. ಕರಿಗಾಳಿ ಹೊಗೆಯಾಗಿ ಕಿಟಕಿಯಿಂದ ಹಾರಿ, ಬೆಟ್ಟ ದಾಟಿ ಹೋಗಿದ್ದ. ಕಥೆ ಅಲ್ಲಿಗೇ ಮುಗಿದಿತ್ತು. ಮಕ್ತುಂಬಿ ಹಾಳೆ ತಿರುವಿದಳು, ಹಿಂದೆ ಏನೂ ಇರಲಿಲ್ಲ. ಒಳಗಿನಿಂದ ಲಾಲಮ್ಮನ ಕ್ಷೀಣವಾದ ದನಿ ಬಂತು.

“ಸಾಯ್ತಾನೇನಕ್ಕ?”

ಇದ್ದದ್ದನ್ನು ಹೇಳಿದರೆ ಈ ಹುಡುಗಿ ಉಳಿಯುವಂತಿರಲಿಲ್ಲ. ಇಲ್ಲದ್ದನ್ನು ಹೇಳಿದರೆ, ಈ ಮನೆಯವರ ನಂಬಿಕೆಯಂತೆ, ಸಾವು ಮನೆಯೊಳಗೇ ಬರುವುದು. ತನಗೆ ಆ ನಂಬಿಕೆಯಿಲ್ಲ ಎಂದು ಮಕ್ತುಂಬಿ ಮನಸ್ಸಿನಲ್ಲಿ ಹೇಳಿಕೊಂಡಳು. ಎರಡನೆಯ ಸಲ ಹೇಳಿಕೊಳ್ಳಲು ಆಗಲಿಲ್ಲ. ಅಂಬಣ್ಣ ಮೂರು ದಿನ ನರಳಿದ್ದನ್ನು ಅವಳು ಕಂಡಿದ್ದಳು.

“ಸಾಯ್ತಾನವ್ವ,” ಎಂದಳು.

ಹಾಳೆಯ ಮೇಲೆ ಬೆರಳಿಟ್ಟು, ಅದರಲ್ಲಿ ಇಲ್ಲದ್ದನ್ನು ಓದಿದಳು. ಕತ್ತಿ ಕರಿಗಾಳಿಯ ಎದೆಗೆ ನಾಟಿತು, ಅವನ ಹೊಗೆಯೆಲ್ಲ ನೆಲಕ್ಕೆ ಇಂಗಿತು, ಕಣ್ಣು ಮುಚ್ಚಿತು ಎಂದಳು.

ಸಾಬಣ್ಣ ಅವಳನ್ನೇ ನೋಡಿದ. “ಪುಸ್ತಕದಾಗ ಹಂಗ ಐತೇನು ತಾಯಿ?”

“ಐತ್ರಿ ಕಾಕಾ.”

ಅವನು ಕದ ಕಿಟಕಿ ಮುಚ್ಚಿ, ಲಾಲಮ್ಮನಿಗೆ ಕಾಣುವಂತೆ ಅವಳ ಕೋಣೆಯ ಬಾಗಿಲಿಗೆ ಪರದೆ ಕಟ್ಟಿ, ದೀಪ ಹಚ್ಚಿದ. ಧೋತರದ ತುಂಡು ತೆಗೆದಾಗ ಕೊರೆದ ಕಣ್ಣಿನಿಂದ ಬೆಳಕು ತೂರಿ ಪರದೆಯ ಮೇಲೆ ನಿಂತಿತು. ಮಗ ಮಾಡಿದ ಗೊಂಬೆಯನ್ನು ಹಿಡಿದ ಮುದುಕನ ಕೈ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಮಕ್ತುಂಬಿ ಹೇಳಿದಂತೆಯೇ ಕೊಂದ. ಕರಿಗಾಳಿ ಪರದೆಯ ಅಂಚಿಗೆ ಕುಸಿದು ಮಲಗಿದ. ಒಳಗೆ ಲಾಲಮ್ಮ ದೊಡ್ಡದಾಗಿ ಅತ್ತಳು. ಬಿಗಿ ಬಿಡ್ತು, ಬಿಡ್ತು ಎಂದು ಮಾಳಮ್ಮ ಕೂಗಿದಳು.

ಹೊತ್ತು ಮುಳುಗುವ ಮುಂಚೆ ಗಂಡು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ಸಾಬಣ್ಣ ಗೊಂಬೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಮುಚ್ಚಿದ. ಬಳಿಕ ಕುಂಕುಮದ ಬಟ್ಟಲು ಹಿಡಿದು ಮಕ್ತುಂಬಿಯ ಎದುರು ಕುಳಿತ.

“ಅವ ಸತ್ತ ಹಾಳಿ ತೋರಸವ್ವ. ಅದಕ್ಕ ಕುಂಕುಮ ಹಚ್ಚಿ ದೇವರ ಮುಂದ ಇಡ್ತೇನಿ.”

ಬೇರೆ ದಾರಿಯಿರಲಿಲ್ಲ. ಕರಿಗಾಳಿ ಬೆಟ್ಟ ದಾಟಿ ಹಾರಿಹೋದ ಸಾಲನ್ನೇ ಅವಳು ಬೆರಳಿಟ್ಟು ತೋರಿಸಿದಳು. ಸಾಬಣ್ಣ ಅದರ ಮೇಲೆ ಕುಂಕುಮವಿಟ್ಟು ಕೈಮುಗಿದ.

ಓಣಿ ತಣ್ಣಗಾದ ಮೇಲೂ ಮಕ್ತುಂಬಿ ತನ್ನ ಮನೆಗೆ ಮರಳಲಿಲ್ಲ. ಕೂಸನ್ನು ಬಿಟ್ಟಿರಲಾರೆ ಎಂದಳು. ಪ್ರೀತಿ ಎಂದು ಎಲ್ಲರೂ ತಿಳಿದರು. ಕೂಸು ಕೆಮ್ಮಿದರೆ ತಾಯಿಗಿಂತ ಮೊದಲು ಏಳುವವಳು ಅವಳು. ಎದ್ದು ಅದರ ಮೂಗಿನ ಹತ್ತಿರ ಅಂಗೈ ಹಿಡಿದು, ಉಸಿರು ತಾಗುವ ತನಕ ಹಾಗೆಯೇ ಕೂತಿರುತ್ತಿದ್ದಳು.