ಕೆಂಪು ಕೈಯ ದೋಣಿಗೊಂದು ಇಂಜಿನ್

ಹೊಸ ಕಾರುಗಳನ್ನು ಬೆನ್ನಮೇಲೆ ಹೊತ್ತ ಉದ್ದನೆಯ ಲಾರಿಯೊಂದು ಹೆದ್ದಾರಿಯಲ್ಲಿ ಹಾದುಹೋಯಿತು, ಅದರ ಹೊಳಪು ಅಂಗಡಿಯ ಗಾಜಿಗೆ ಬಡಿದು, ಒಳಗೆ ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕಿದ್ದ ಎರಡು ಇಂಜಿನ್ನುಗಳ ಮೈಮೇಲೆ ಸರಕ್ಕನೆ ಓಡಿ ಆರಿಹೋಯಿತು, ಕಣ್ವ ಕೆರೆಯ ಮೇಲೆ ಬೆಳಗಿನ ಬಿಸಿಲು ಓಡುವುದೂ ಹೀಗೇ ಅಲ್ಲವಾ ಅಂದುಕೊಂಡ ಗಫಾರ್ — ಎಷ್ಟು ನುಣುಪಾಗಿವೆ, ಎಲ್ಲೂ ಒಂದು ಗೀರಿಲ್ಲ, ಮುಟ್ಟಲು ಅಂಜಿಕೆಯಾಗುವಷ್ಟು ಹೊಸತು, ಬಿಡದಿಯಲ್ಲಿ ಈಗ ಕಣ್ಣಿಗೆ ಬೀಳುವುದೆಲ್ಲ ಹೊಸತೇ, ರಸ್ತೆ ಹೊಸತು, ರಸ್ತೆಯ ನಡುವೆ ನೆಟ್ಟ ಕಣಗಿಲೆ ಹೊಸತು, ರಾಗಿ ಹೊಲವಿದ್ದ ಕಡೆ ನೀಲಿ ತಗಡಿನ ಶೆಡ್ಡುಗಳು, ಶೆಡ್ಡುಗಳ ಸಾಲಿನಲ್ಲಿ ಪಂಪ್‌ಸೆಟ್ಟು ಜನರೇಟರು ಮಾರುವ ಈ ಅಂಗಡಿ, ಇದರೊಳಗೆ ದೋಣಿಯ ಇಂಜಿನ್ನು ಯಾಕೆ ಬಂತು ಅಂದರೆ, ರೆಸಾರ್ಟಿನವರು ಕೇಳ್ತಾರೆ ಸಾಬ್ರೆ, ಮಂಚನಬೆಲೆ ಕಡೆ ಈಗ ಎಲ್ಲಾ ರೆಸಾರ್ಟೇ ಅಲ್ವಾ, ಅಂದಿದ್ದ ಅಂಗಡಿಯ ಮನೋಹರ್, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಹುರುಪಿನ ಮನುಷ್ಯ, ಮಾತಿನ ನಡುವೆ ಮೊಬೈಲು ಕಿರುಗುಟ್ಟಿದರೆ ಎತ್ತಿ, ಕಸ್ಟಮರ್ ಅವ್ರೆ ಆಮೇಲ್ ಮಾಡು, ಎಂದು ಇಟ್ಟುಬಿಡುತ್ತಾನೆ, ಆ ಕಸ್ಟಮರ್ ತಾನು ಅಂತ ಗಫಾರನಿಗೆ ಒಸಿ ನಾಚಿಕೆ, ಒಸಿ ಹಿಗ್ಗು. ಎಷ್ಟು ಜನ ಕೂರ್ತಾರೆ ಸಾಬ್ರೆ ನಿಮ್ ದೋಣೀಲಿ, ಅಂತ ಈಗ ತಾನೇ ಕೇಳಿದ ಮನೋಹರ್, ಕೇಳಿದ್ದೇ ತಡ ಗಫಾರನ ಬಾಯಿ, ಆರು, ಅಂದುಬಿಟ್ಟಿತು. ಯೋಚನೆಯಿಲ್ಲ, ಉಗುಳು ನುಂಗಲಿಲ್ಲ, ಆರು — ಹತ್ತು ಜನ ಹೆಂಗಸರು, ಮೇಲೆ ಕಾಲೇಜಿಗೆ ಹೋಗುವ ಮುನ್ನ ದೋಣಿಯ ಹಗ್ಗ ಹಿಡಿಯಲು ಜೊತೆಗೆ ಬರುವ ಮಗಳು ಕೆಹಕಶಾನ್, ಹನ್ನೊಂದು, ಚುಕ್ಕಾಣಿ ಹಿಡಿಯುವ ತನ್ನನ್ನೂ ಸೇರಿಸಿದರೆ ಹನ್ನೆರಡು, ಇಪ್ಪತ್ತೇಳು ವರ್ಷದಲ್ಲಿ ಆ ದೋಣಿ ಬರೀ ಆರು ಜನರನ್ನು ಹೊತ್ತ ದಿನ ಯಾವುದು, ನೆನಪಿಗೇ ಬರುವುದಿಲ್ಲ. ಆರೇ ಆದ್ರೆ ಈ ಚಿಕ್ಕದು ಸಾಕಲ್ಲ, ಅಂದ ಮನೋಹರ್, ಟು ಸ್ಟ್ರೋಕು, ನೀರಿಗಿಳಿಯೋ ಕಾಲು ಗಿಡ್ಡ, ಒಂದೇ ಕೈಯಲ್ಲಿ ಎತ್ಬೋದು, ನಿಮ್ ದೋಣಿ ಹಿಂದಿರೋ ಹಳೇ ಹಲಗೆಗೇ ನೇತಾಕಿ ನಾಳೆನೇ ಓಡ್ಸಿ, ಹಂಗೇನಾದ್ರೂ ಹತ್ತು ಹನ್ನೆರಡು ಜನ ಅಂದಿದ್ರೆ ಈ ದೊಡ್ಡದೇ ಬೇಕಾಗ್ತಿತ್ತು, ಫೋರ್ ಸ್ಟ್ರೋಕು, ಉದ್ದ ಕಾಲು, ಭಾರ ಡಬ್ಬಲ್, ಅದಕ್ಕೆ ಹಳೇ ಹಲಗೆ ತಡೆಯಾಕಿಲ್ಲ, ಕೊಯ್ದು ತೆಗೆದು ಹೊಸಾದು ಕೂರುಸ್ಬೇಕು. ಕೊಯ್ದು ತೆಗೆದು ಅಂದದ್ದನ್ನು ಅವನು ಕೈ ಬೀಸಿ ತೋರಿಸಿದ, ಕತ್ತು ಕೊಯ್ಯುವವನ ಹಾಗೆ.

ಆ ಹಲಗೆಯ ವಿಷಯ ಇವನಿಗೇನು ಗೊತ್ತು, ಗಫಾರನ ಅಪ್ಪ, ಅಬ್ಬಾ ಅಮೀರ್, ಅದರ ಮೇಲೆ ಕೈ ಊರಿದಾಗ ಈ ಮನೋಹರ್ ಹುಟ್ಟಿದ್ದನೋ ಇಲ್ಲವೋ. ತೇಗದ ದೋಣಿ ಅದು, ಯಾವುದೋ ಇಲಾಖೆಯ ದೊಡ್ಡ ಸಾಹೇಬರು ಕೆರೆಯ ಮೇಲೆ ಓಡಾಡಲೆಂದು ತರಿಸಿ, ಮೂರು ಸಲ ಓಡಾಡಿ, ಮರೆತು, ಕಡೆಗೆ ಹರಾಜು ಹಾಕಿದ್ದು, ಮೈಸೂರು ಅರಮನೇದು ಕಣ್ಲಾ ಇದು ಅಂತ ಅಬ್ಬಾ ಎಲ್ಲರಿಗೂ ಹೇಳುತ್ತಿದ್ದ, ಸುಳ್ಳಿರಬೇಕು, ಹೇಳುವಾಗ ಮಾತ್ರ ಅವನೇ ನಂಬಿದವನ ಹಾಗೆ ಕಣ್ಣು ಅರೆ ಮುಚ್ಚುತ್ತಿದ್ದ. ಗೊಂಬೆ ಮಾಡುವವನಿಗೆ ದೋಣಿ ಯಾತಕ್ಕೆ ಅಂತ ಚನ್ನಪಟ್ಟಣದ ಕೇರಿಯೇ ನಕ್ಕಿತ್ತು, ಹಗಲೆಲ್ಲ ಲೇತಿನ ಮುಂದೆ ಕೂತು ಆಲೆ ಮರ ತಿರುಗಿಸಿ, ಬುಗುರಿ, ಗಿಲಕಿ, ದೊಡ್ಡಮಳೂರಿನ ದೇವಸ್ಥಾನದ ಮುಂದೆ ಮಕ್ಕಳಿಲ್ಲದವರು ಹರಕೆಗೆ ಕೊಳ್ಳುವ ಪುಟಾಣಿ ತೊಟ್ಟಿಲು, ಇದೇ ಅಲ್ಲವಾ ಅಬ್ಬಾನ ಕೆಲಸ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಮರವನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಕೇದಿಗೆ ಗರಿ ಹಿಡಿದರೆ ಫಳಫಳ, ಆ ವಾಸನೆ, ಸುಟ್ಟ ಜೇನಿನಂಥ ಆ ವಾಸನೆ ಅಬ್ಬಾನ ಅಂಗಿಯಲ್ಲಿ, ಗಡ್ಡದಲ್ಲಿ, ಅವನು ಮುರಿದು ಕೊಡುತ್ತಿದ್ದ ರೊಟ್ಟಿಯಲ್ಲೂ ಇತ್ತು. ದೋಣಿ ಬಂದ ವಾರ ಇಂಜಿನ್ನಿನ ರಬ್ಬರ್ ಹಿಡಿ ಕಿತ್ತುಹೋಗಿತ್ತು, ಇಂಜಿನ್ನನ್ನು ನೀರಿನಿಂದ ಎತ್ತಲು ಹಿಡಿಯುವ ಹಿಡಿ, ಪೇಟೆಗೆ ಯಾಕೆ ಹೋಗೋದು ಅಂತ ಅಬ್ಬಾ ಆಲೆ ಮರದಲ್ಲಿ ತಾನೇ ಒಂದು ಮಾಡಿದ, ಅಷ್ಟಕ್ಕೇ ಬಿಟ್ಟಿದ್ದರಾಗುತ್ತಿತ್ತು, ಬರೀ ಮರ ಹೆಂಗ್ಲಾ ಬಿಡೋದು ಅಂತ ಕೆಂಪರಗು ಹಚ್ಚಿದ, ದಾಸವಾಳದ ಕೆಂಪು, ಯಾವ ಮೆಕ್ಯಾನಿಕ್ಕೂ ಮಾಡದ ತಪ್ಪು ಅದು, ಗೊಂಬೆಯವನು ಮಾತ್ರ ಮಾಡುವ ತಪ್ಪು. ಒಂದು ಸುತ್ತು ಓಡಿಸಿ ದಡಕ್ಕೆ ಬರುವಷ್ಟರಲ್ಲಿ ಇಂಜಿನ್ನು ಕಾದು ಅರಗು ಇಳಿದು, ಎತ್ತಲು ಹಿಡಿದ ಅಬ್ಬಾನ ಅಂಗೈ ತುಂಬ ಕೆಂಪು ಅಂಟು, ಅಯ್ಯೋ ಸುಡ್ತು ಅಂತ ಕೈ ಕಿತ್ತು ಆಯ ತಪ್ಪಿ ಊರಿದ್ದು ದೋಣಿಯ ಹಿಂಬದಿಯ ಹಲಗೆಗೆ, ಇಂಜಿನ್ನು ಕಚ್ಚಿಕೊಂಡಿರುವ ಅದೇ ಹಲಗೆಗೆ, ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಂಗೈಯ ಅರ್ಧ, ಆರಿತು, ಗಟ್ಟಿಯಾಯಿತು, ಅಳಿಸಲು ಹೋದವನು ಅಬ್ಬಾ ತಾನೇ, ಕೇದಿಗೆ ಗರಿಯಿಂದ ಉಜ್ಜಿ ಉಜ್ಜಿ ಇನ್ನಷ್ಟು ಹೊಳಪು ಬರಿಸಿದ. ಆಚೆ ದಡದ ಸಿದ್ದಮ್ಮ ಅವತ್ತೇ ಅಂದಿದ್ದಳು, ಏನ್ ಅಮೀರಣ್ಣ, ಗೋಡೆಗಾಕೋ ಕುಂಕುಮದ ಕೈಯ ದೋಣಿಗಾಕ್ಬುಟ್ಟಿದೀಯ, ಇನ್ನು ಇದು ನಮ್ಮನೆ ದೋಣಿ ಕಣಪ್ಪಾ, ಆಗ ಸಿದ್ದಮ್ಮ ಮದುವೆಯಾಗಿ ಬಂದ ಹೊಸತು, ರೇಷ್ಮೆ ಗೂಡಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಸಂತೆಯ ದಿನ ದಾಟುತ್ತಿದ್ದಳು, ಆಯುಧಪೂಜೆಯ ದಿನ ತಪ್ಪದೆ ಬಂದು ಆ ಕೈಯ ಸುತ್ತ ಅರಿಶಿನ ಎಳೆದು ಇಂಜಿನ್ನಿನ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು, ಅಬ್ಬಾ ಟೋಪಿ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತು, ಒಸಿ ಜಾಸ್ತಿನೇ ಹಾಕವ್ವಾ, ಇಂಜಿನ್ನಿಗೆ ಕೆಮ್ಮು, ಅನ್ನುತ್ತಿದ್ದ.

ಗಫಾರ್ ಚಿಕ್ಕ ಇಂಜಿನ್ನಿನ ಮೈ ಸವರಿದ, ತಣ್ಣಗಿದೆ, ಶಬ್ದ ಹೆಂಗೆ ಬತ್ತದೆ, ಅಂತ ಕೇಳಿದ, ಹಳೇದ್ರಂಗೇ ಸಾಬ್ರೆ, ಟುಕುಟುಕುಟುಕು, ಅಂತ ಮನೋಹರ್ ಬಾಯಲ್ಲೇ ಮಾಡಿ ತೋರಿಸಿದ, ದೊಡ್ಡದಾದ್ರೆ ಸದ್ದೇ ಇಲ್ಲ, ಪಕ್ಕದಲ್ಲಿ ಮಗ ಮಲಗಿದ್ರೂ ಏಳಲ್ಲ. ಸದ್ದು ಬೇಕು, ಬೆಳಗಿನ ಐದೂಮುಕ್ಕಾಲಿಗೆ ಆ ಟುಕುಟುಕು ಕೇಳಿಯೇ ಆಚೆ ದಡದಲ್ಲಿ ಒಲೆ ಆರಿಸುತ್ತಿದ್ದರು ಹೆಂಗಸರು, ಗೂಡಿನ ಬುಟ್ಟಿ ಹೋಗಿ ಕೈಗೆ ಟಿಫನ್ ಡಬ್ಬಿ ಬಂದು ಆರೇಳು ವರ್ಷವಾಯಿತು, ಗಾರ್ಮೆಂಟ್ಸಿನ ವ್ಯಾನು ಏರಿಯ ಹತ್ತಿರ ಬಂದು ಎರಡು ಸಲ ಹಾರನ್ ಹೊಡೆಯುತ್ತದೆ, ಮೂರನೇ ಸಲ ಹೊಡೆಯುವುದಿಲ್ಲ, ರಸ್ತೆಯಲ್ಲಿ ಸುತ್ತಿ ಬಂದರೆ ಗಂಟೆಗೂ ಮೇಲೆ, ಕೆರೆ ದಾಟಿದರೆ ಹದಿನೈದು ನಿಮಿಷ, ಸಿದ್ದಮ್ಮನಿಗೂ ಈ ವಯಸ್ಸಿನಲ್ಲಿ ಕಾಲರ್ ಕತ್ತರಿಸುವ ಕೆಲಸ, ನಾನ್ ಕತ್ರಿಸಿದ್ ಷರ್ಟ್ನ ಯಾವ ದೇಸದೋನು ಹಾಕ್ಕತಾನೋ ಕಣ್ಲಾ ಗಫಾರಾ, ಅವ್ನಿಗೊಂದು ಹೆಣ್ ಸಿಗ್ಲಿ, ಅಂತ ದಾರಿಯುದ್ದಕ್ಕೂ ನಗಿಸುತ್ತಾಳೆ. ಈಗ ಹನ್ನೆರಡು ದಿನದಿಂದ ಅವರೆಲ್ಲ ನಸುಕಿಗೇ ಎದ್ದು ನಡೆಯುತ್ತಿದ್ದಾರೆ, ಹಳೇ ಇಂಜಿನ್ನು ನೀರಿನ ಪಾಲಾಗಿ ಹನ್ನೆರಡು ದಿನ, ವಯಸ್ಸಾಗಿತ್ತು ಅದಕ್ಕೂ, ಕಳಚ್ಕಂತು ಪಾಪ, ಅಂತ ಎಲ್ಲರೂ ಅಂದರು, ಅವನೂ ಹೂಂ ಅಂದ — ನೀರಿನೊಳಗೆ ಐದು ಬೆರಳು, ಬೆಳ್ಳಗೆ — ಬೇಡ, ಅದು ಬೇಡ ಈಗ, ಎಂಥ ಚಂದದ ಪೇಂಟು ನೋಡು ಇದಕ್ಕೆ, ಬೆಳಿಗ್ಗೆ ಹೆಂಡತಿ ರೋಶನ್ ಬೀ ಬುರ್ಖಾದ ತುದಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತು, ಬಿಡದೀಲಿ ಮೊದ್ಲು ತಟ್ಟೆ ಇಡ್ಲಿ ತಿನ್ನಿ, ಖಾಲಿ ಹೊಟ್ಟೇಲಿ ನೀವು ಆರಿಸಿದ್ದು ಯಾವ್ದೂ ಬಾಳಿಕೆ ಬಂದಿಲ್ಲ, ಅಂದಿದ್ದಳು, ನಿನ್ನ ನೋಡೋಕ್ ಬಂದಾಗ ಹೊಟ್ಟೆ ತುಂಬಿತ್ತಾ, ಅಂತ ಇವನು ಕೇಳಿದ್ದಕ್ಕೆ ಸೊಟ್ಟಮೂತಿ ಮಾಡಿದ್ದಳು, ಇಡ್ಲಿ ತಿಂದೇ ಬಂದಿದ್ದಾನೆ, ಬೆಣ್ಣೆ ಹಾಕಿಸಿಕೊಂಡು, ಆದರೂ ಬಾಯಿ ಆರು ಅಂದಿತಲ್ಲ.

ಆರು ಅಂದದ್ದು ಯಾಕೆ ಅಂತ ಗೊತ್ತಿರುವುದು ಅವನೊಬ್ಬನಿಗೇ, ಜನ ಹೆಚ್ಚಿದರೆ ದೊಡ್ಡ ಇಂಜಿನ್ನು, ದೊಡ್ಡದಕ್ಕೆ ಹಲಗೆ ಕೊಯ್ಯಬೇಕು, ಕೊಯ್ದರೆ ಒಳಗಿನದು ಹೊರಬೀಳುತ್ತದೆ. ಕೆಹಕಶಾನ್‌ಗೆ ಅರ್ಧ ಗೊತ್ತಿರಬೇಕು, ಪಿಯುಸಿ ಸೈನ್ಸು ಅವಳು, ಯುಗಾದಿಯ ಹೊತ್ತಿಗೇ ಜಾಮಿಟ್ರಿ ಡಬ್ಬಿಯ ಕೈವಾರ ತೆಗೆದು ಹಲಗೆಗೆ ಚುಚ್ಚಿದ್ದಳು, ಮುಳ್ಳು ಬುಡದತನಕ ಇಳಿದಿತ್ತು, ಅಬ್ಬಾ ನೋಡು, ಚಹಾದಲ್ಲಿ ಅದ್ದಿದ ಬಿಸ್ಕತ್ತಾಗಿದೆ, ಇಲ್ಲಿ ಮಾತ್ರ ಗಟ್ಟಿ, ದಾದಾನ ಕೈ ಇರೋ ಕಡೆ, ಅರಗು ನೀರನ್ನ ಒಳಗೆ ಬಿಟ್ಟಿಲ್ಲ. ಹಲಗೆ ಬದಲಾಯಿಸು ಅಂದಳು. ಬದಲಾಯಿಸಾಣ ತಗ, ಅಂದ ಗಫಾರ್, ಅಂದವನು ಅವಳು ಕಾಲೇಜಿಗೆ ಹೋದಮೇಲೆ ಲೇತಿನ ಕೆಳಗಿನ ಪುಡಿ ಗುಡಿಸಿ ಅರಗಿನ ಜೊತೆ ಕಲಸಿ ತೂತುಗಳಿಗೆಲ್ಲ ಮೆತ್ತಿದ, ಗೊಂಬೆ ಬಿರುಕು ಬಿಟ್ಟರೆ ಮಾಡುವ ಹಾಗೆ, ತಲೆತಲಾಂತರದಿಂದ ಮಾಡಿದ ಹಾಗೆ, ಮೇಲೆ ತೇಗದ ಬಣ್ಣ ಬಳಿದು ಗರಿ ಹಿಡಿದ, ಯಾರ ಕಣ್ಣಿಗೂ ಕಾಣದಂಥ ಕೈಚಳಕ, ಮೆತ್ತಿ ಮುಗಿದಾಗ ಹೆಮ್ಮೆಯೇ ಆಗಿತ್ತು, ಅಬ್ಬಾ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಅನ್ನಿಸಿತ್ತು. ಅಬ್ಬಾನ ಅಂಗೈಯನ್ನು ಸುಟ್ಟ ಅರಗು ತನ್ನನ್ನು ಸುಡದೆ ಬಿಟ್ಟೀತಾ, ಅದು ಹೊಳೆಯಲಿಲ್ಲ, ಇಪ್ಪತ್ತೇಳು ವರ್ಷ ಕಣ್ಣೆದುರಿಗೇ ಆ ಕೈ ಇದ್ದೂ ಹೊಳೆಯಲಿಲ್ಲ. ದಸರೆ ಕಳೆದ ವಾರ, ಮಳೆ ಕಂಡಾಪಟ್ಟೆ ಹುಯ್ದು ಕೆರೆ ತುಂಬಿ ಕೋಡಿ ಬಿದ್ದಿತ್ತು, ಎದುರುಗಾಳಿ, ಇಂಜಿನ್ನು ಏದುಸಿರು ಬಿಡುತ್ತ ಕಾದು ಬಿಸಿಯಾಗುತ್ತಿದೆ, ಕೆರೆಯ ನಟ್ಟನಡುವೆ, ಸಿದ್ದಮ್ಮ ಏನೋ ಹೇಳುತ್ತಿದ್ದಾಳೆ, ಇಂಜಿನ್ನನ್ನು ಹಲಗೆಗೆ ಬಿಗಿದ ಕ್ಲಾಂಪಿನ ತಿರುಪು, ಮೆತ್ತಿದ ಅರಗು ಕರಗಿ, ಮೆತ್ತಗೆ, ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಹಲಗೆಯೊಳಗೆ ಇಳಿಯುತ್ತಿರುವುದು ಗಫಾರನ ಕಣ್ಣಿಗೆ ಬಿತ್ತು, ಹಿಡಿಯಲು ಕೈ ಚಾಚಿದ, ಇಂಜಿನ್ನು ಒಮ್ಮೆ ಬಾಗಿತು, ಸಲಾಮು ಹೊಡೆದವನ ಹಾಗೆ, ಹೋಯಿತು. ಆಮೇಲೆ ಗಾಳಿಯ ಸದ್ದು, ಅದರಾಚೆ ಕೋಡಿಯ ಸದ್ದು. ಇಂಜಿನ್ನು ಮೀನ್ ಹಿಡಿಯಾಕ್ ಹೋಯ್ತೇನ್ಲಾ, ಅಂದಳು ಸಿದ್ದಮ್ಮ, ಯಾರೂ ನಗಲಿಲ್ಲ, ಅವಳೂ ನಗಲಿಲ್ಲ, ದೋಣಿ ತಾನಾಗೇ ತಿರುಗಿ ಕೋಡಿಯ ಕಡೆಗೆ ಮುಖ ಮಾಡಿತು, ಇದ್ದದ್ದು ಒಂದೇ ಹುಟ್ಟು, ಅದು ಗಫಾರನ ಕೈಯಲ್ಲಿ, ಡಬ್ಬಿ ಬಿಚ್ರೇ, ಮುಚ್ಚಳಾನೇ ಹುಟ್ಟು ಅನ್ಕಂಡು ನೀರ್ ತೋಡ್ರೇ, ಅಂತ ಸಿದ್ದಮ್ಮನೇ ಕೂಗಿದ್ದು, ಹತ್ತು ಟಿಫನ್ ಮುಚ್ಚಳ ಹೊರಬಿದ್ದವು, ಚಿತ್ರಾನ್ನ, ಮುದ್ದೆ, ಉಪ್ಪೆಸರು ಎಲ್ಲ ದೋಣಿಯ ತಳದಲ್ಲಿ, ಎಡಕ್ಕೆ ಐದು ಬಲಕ್ಕೆ ಐದು ಮುಚ್ಚಳ, ಕೆಹಕಶಾನ್ ಡಬ್ಬಿ ತಂದಿರಲಿಲ್ಲ ಅವತ್ತು, ಕಾಲೇಜು ಅರ್ಧ ದಿನ, ಪುಸ್ತಕದ ಚೀಲ ಬೆನ್ನಿಗೆ ನೂಕಿ ಅಂಚಿಗೆ ಬಾಗಿ ಬರಿಗೈಯನ್ನು ನೀರಿಗಿಳಿಸಿದಳು, ಐದು ಬೆರಳು ಬಿಡಿಸಿಕೊಂಡು, ನೀರು ಸಂದಿನಿಂದ ಸೋರಿ ಹೋಗುತ್ತಿದೆ, ಬೆರಳು ಕೂಡಿಸು ಕೂಸೇ ಅಂತ ಹೇಳಬೇಕು, ಅವನು ಹುಟ್ಟು ಹಾಕುತ್ತಲೇ ಇದ್ದ, ಮುಳುಗಿದ್ದ ಜಾಲಿಯ ಕೊಂಬೆ ಸಿಕ್ಕುವತನಕ ಅವಳು ನಿಲ್ಲಿಸಲೂ ಇಲ್ಲ, ತಿರುಗಿ ಅಪ್ಪನನ್ನು ನೋಡಲೂ ಇಲ್ಲ.

ಹಂಗಾರೆ ಚಿಕ್ಕದೇ ಪ್ಯಾಕ್ ಮಾಡಿಸ್ಲಾ ಸಾಬ್ರೆ, ಆರ್ ಜನ ಅಂದ್ರಲ್ಲ, ಮನೋಹರ್ ಪೆನ್ನಿನ ಕ್ಯಾಪು ತೆಗೆದಿದ್ದಾನೆ. ಹೂಂ ಅಂದರೆ ಮುಗಿಯಿತು, ಆ ಹಲಗೆಗೇ ನೇತಾಡುತ್ತದೆ, ಇನ್ನೊಂದಿಷ್ಟು ಅರಗು ಮೆತ್ತಿದರೆ ಒಂದು ವರ್ಷ, ಎರಡು ವರ್ಷ, ಅಬ್ಬಾನ ಕೈ ಅಬ್ಬಾನ ಜಾಗದಲ್ಲೇ ಇರುತ್ತದೆ, ಟುಕುಟುಕು ಅನ್ನುತ್ತದೆ, ಸಿದ್ದಮ್ಮ ಅರಿಶಿನ ಎಳೆಯುತ್ತಾಳೆ, ಯಾರಿಗೂ ಏನೂ ಹೇಳಬೇಕಾಗಿಲ್ಲ — ಹನ್ನೊಂದು, ಅಂದ ಗಫಾರ್. ಏನಂದ್ರಿ. ಹನ್ನೊಂದು ಜನ ಕಣಪ್ಪಾ, ನನ್ ಸೇರ್ಸಿದ್ರೆ ಹನ್ನೆರಡು, ಅದ್ರಲ್ಲೊಬ್ಳು ನನ್ ಮಗಳು. ಮನೋಹರ್ ಅವನ ಮುಖವನ್ನೇ ನೋಡಿದ, ಮತ್ತೆ ಆರು ಅಂದ್ರಿ, ಅಂದ, ದೊಡ್ಡದೇ ಕೊಡಪ್ಪಾ, ಹಲಗೆ ಕೊಯ್ಸ್ತೀನಿ, ಅಂದ ಗಫಾರ್, ಅಂದವನು ಗಾಜಿನಾಚೆಗೆ ತಿರುಗಿದ. ಕೊಯ್ಸಲೇಬೇಕು, ಬಡಗಿಯನ್ನು ಕರೆಸಬೇಕು, ಆ ಕೈ ಇರುವಷ್ಟು ಭಾಗವನ್ನು ಹುಷಾರಾಗಿ ಬಿಡಿಸಪ್ಪಾ ಅಂತ ಕೇಳಿಕೊಳ್ಳಬಹುದಾ, ಸುತ್ತಲಿನ ಮರವೆಲ್ಲ ಪುಡಿ, ಗರಗಸ ಮುಟ್ಟಿದರೆ ಅರಗು ಸಿಡಿದು ಚೂರಾಗುತ್ತದೆ, ಆಗುತ್ತದೆ, ಅದೂ ಗೊತ್ತು, ಕೊಯ್ಯುವ ದಿನ ಸಿದ್ದಮ್ಮನನ್ನೂ ಉಳಿದವರನ್ನೂ ದಡಕ್ಕೆ ಕರೆದು ಮೆತ್ತಿದ್ದನ್ನು ತೋರಿಸಬೇಕು, ಇಂಜಿನ್ನು ಕಳಚಿಕೊಳ್ಳಲಿಲ್ಲ ಸಿದ್ದಮ್ಮಾ, ನಾನೇ, ಅಂತ, ಅವಳು ಏನನ್ನುತ್ತಾಳೆ, ಉಗಿಯುತ್ತಾಳಾ, ಉಗಿಯಲಿ, ಮಗಳಿಗೆ ಮೊದಲು ಹೇಳಬೇಕು, ಇವತ್ತೇ, ಅವಳು ಓದುತ್ತ ಕೂತಿರುತ್ತಾಳೆ, ಬೇಟಾ ಅಂತ ಶುರು ಮಾಡಿ, ಆಮೇಲೆ, ಆಮೇಲೆ ಏನು, ಮನೋಹರ್ ಏನೋ ಕೇಳುತ್ತಿದ್ದಾನೆ, ಊರು, ಹೆಸರು, ಗಫಾರನ ಕಣ್ಣೆದುರು ನೀರು, ಕಂದು, ಗಾಳಿ, ಕೋಡಿಯ ಸದ್ದು, ಅಂಚಿನಿಂದಾಚೆ ಬಾಗಿದ ಒಂದು ಕೈ, ಬರಿಗೈ, ಬೆರಳು ಬಿಡಿಸಿಕೊಂಡು, ತೋಡುತ್ತಿದೆ, ನೀರು ಸೋರುತ್ತಿದೆ, ತೋಡುತ್ತಿದೆ.