ಹಗುರಾಗುವ ಹುಡುಗಿಯರು

ನಡೆಯುವುದನ್ನು ಸರಿಯಾಗಿ ಕಲಿಯುವ ಮೊದಲೇ ಓಡತೊಡಗಿದ ಮಗಳಿಗೆ ಅಮ್ಮ ಇಟ್ಟ ಅಡ್ಡಹೆಸರು ಚಿಗರೆ. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಮಗಳನ್ನು ಕಾಲೇಜಿನವರೆಗೆ ತಂದ ಹೆಂಗಸು ಅವಳು. ಹಾಸ್ಟೆಲಿಗೆ ಬಿಟ್ಟು ಹೊರಡುವಾಗ, "ಹೊತ್ತಿಗೆ ಸರಿಯಾಗಿ ಉಣ್ಣು, ದೇವರನ್ನ ಮರೀಬೇಡ," ಎಂದಷ್ಟೇ ಹೇಳಿ ಬಸ್ಸು ಹತ್ತಿದ್ದಳು.

ಮೊದಲ ವರ್ಷ ಚಿಗರೆಗೆ ಕಾಲೇಜು ಹಿಡಿಸಲಿಲ್ಲ. ಪಾಠ ತಲೆಗೆ ಹತ್ತುತ್ತಿರಲಿಲ್ಲ, ಊಟದ ಮನೆಯ ಗದ್ದಲದಲ್ಲಿ ತಾನೊಬ್ಬಳೇ ಅನ್ನಿಸುತ್ತಿತ್ತು. ಸಮಾಧಾನವೆಂದು ಸಿಗುತ್ತಿದ್ದುದು ಬೆಳಿಗ್ಗೆ ಮೈದಾನದಲ್ಲಿ ಮಾತ್ರ. ಉಸಿರಿಗೊಮ್ಮೆ ದೇವರ ಹೆಸರು ಹೇಳಿಕೊಳ್ಳುತ್ತ ಅವಳು ಓಡುತ್ತಿದ್ದಳು. ಏನನ್ನೂ ಬೇಡುತ್ತಿರಲಿಲ್ಲ. ಯಾರೋ ತನ್ನ ಪಕ್ಕದಲ್ಲೇ, ತನ್ನದೇ ವೇಗದಲ್ಲಿ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಅಷ್ಟು ಸಾಕಿತ್ತು.

ಎರಡನೆಯ ವರ್ಷದ ಆರಂಭದಲ್ಲಿ ಅಲ್ಲಿಯೇ ಅವಳು ಅಕ್ಕನ ಕಣ್ಣಿಗೆ ಬಿದ್ದದ್ದು. ಕೊನೆಯ ವರ್ಷದ ಆ ಹುಡುಗಿಯನ್ನು ಹಾಸ್ಟೆಲಿನಲ್ಲಿ ಎಲ್ಲರೂ ಕರೆಯುತ್ತಿದ್ದುದೇ ಅಕ್ಕ ಎಂದು. ಕ್ಷೇಮ ಬಳಗ ಎಂಬ ಓಟದ ಗುಂಪು ಕಟ್ಟಿದವಳು ಅವಳೇ. ದಿನಾ ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ, ಆರು ಗಂಟೆಗೆ ಓಟ. ಅವಳ ಹಿಂದೆ ಏಳು ಹುಡುಗಿಯರು ಮಾತಿಲ್ಲದೆ ಸಾಲಾಗಿ ಓಡುತ್ತಿದ್ದರು.

"ಚೆನ್ನಾಗಿ ಓಡ್ತೀಯ. ಆದ್ರೆ ತುಂಬಾ ಹೊತ್ಕೊಂಡು ಓಡ್ತೀಯ," ಎಂದಳು ಅಕ್ಕ.

"ಏನನ್ನ?"

"ನಿನ್ನನ್ನೇ."

ಚಿಗರೆ ಎಂಟನೆಯವಳಾದಳು. ಅಕ್ಕ ಯಾವತ್ತೂ ಯಾರನ್ನೂ ಗದರಲಿಲ್ಲ. ತಟ್ಟೆಯ ಮುಂದೆ ಕೂತಾಗ ಮೆಲ್ಲಗೆ, "ಬೇಕೇ ಬೇಕಾ?" ಎಂದು ಕೇಳುತ್ತಿದ್ದಳು, ಅಷ್ಟೆ. ಮೊದಲು ಸಿಹಿ ಹೋಯಿತು. ಆಮೇಲೆ ರಾತ್ರಿಯ ಊಟ ಹೋಯಿತು. ವಾರಕ್ಕೆರಡು ಉಪವಾಸ ಬಂತು. ಪ್ರಾರ್ಥನೆಯ ಕೋಣೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ತೂಕದ ಯಂತ್ರವಿತ್ತು. ಶನಿವಾರ ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಬೇಕು. ಮುಳ್ಳು ಕೆಳಗಿಳಿದಿದ್ದರೆ ಅಕ್ಕ ಹಣೆ ಮುಟ್ಟಿ ಹರಸುತ್ತಿದ್ದಳು. ಏರಿದ್ದರೆ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಆ ಮೌನಕ್ಕಿಂತ ಬೈಗುಳವೇ ವಾಸಿ ಎನ್ನುವಂತಿರುತ್ತಿತ್ತು.

ಚಿಗರೆಯ ಓಟ ನಿಜವಾಗಿಯೂ ಚುರುಕಾಯಿತು. ಅಂತರಕಾಲೇಜು ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದಳು. ಬಳಗದ ಫೋಟೋ ನೋಟೀಸ್ ಬೋರ್ಡಿಗೇರಿತು. ಆದರೆ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಬಿಸಿಲಿನಲ್ಲೂ ಬೆರಳುಗಳು ಮರಗಟ್ಟುತ್ತಿದ್ದವು. ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು.

"ಹೆದರಬೇಡ. ಬೇಡದ್ದನ್ನ ದೇಹವೇ ಬಿಡ್ತಾ ಇದೆ," ಎಂದಳು ಅಕ್ಕ.

ರಜೆಗೆ ಊರಿಗೆ ಹೋದಾಗ ಅಮ್ಮ ಹೊಸ ಬಟ್ಟೆಗೆ ಅಳತೆ ತೆಗೆದಳು. ಸೊಂಟಕ್ಕೆ ಟೇಪು ಸುತ್ತಿ ನೋಡಿದಳು, ಬಿಚ್ಚಿ ಇನ್ನೊಮ್ಮೆ ಸುತ್ತಿದಳು.

"ಏನೇ ಇದು? ಆರನೇ ಕ್ಲಾಸಲ್ಲಿ ಇದ್ದ ಸೊಂಟ."

"ಓಡೋರು ಹೀಗೇ ಇರೋದಮ್ಮ."

"ನಾನು ಎಂಥೆಂಥಾ ಮೈಯಿಗೆ ಬಟ್ಟೆ ಹೊಲಿದಿದೀನಿ ಅಂತ ಗೊತ್ತಾ? ಇದು ಓಡಿ ಸಣ್ಣ ಆದ ಮೈಯಲ್ಲ ಕಣೇ."

ಚಿಗರೆ ಸಿಡುಕಿ ಎದ್ದು ಹೋದಳು. ಹಿತ್ತಲಲ್ಲಿ ನಿಂತು ಪ್ರಾರ್ಥಿಸಲು ಕಣ್ಣು ಮುಚ್ಚಿದಳು. ದೇವರ ಹೆಸರು ಹೇಳಲು ಹೋದರೆ ನಾಲಿಗೆಗೆ ಬರುತ್ತಿದ್ದುದು ಕಳೆದ ಶನಿವಾರದ ತೂಕ. ಮತ್ತೆ ಮತ್ತೆ ಪ್ರಯತ್ನಿಸಿದಳು. ಅಂಕಿಯೊಂದೇ ಬಂತು. ತನ್ನದೇ ವೇಗದಲ್ಲಿ ಪಕ್ಕದಲ್ಲಿ ಬರುತ್ತಿದ್ದ ಆ ಯಾರೋ ಎಂದೋ ಹಿಂದೆ ಉಳಿದಿದ್ದರು. ಅವಳಿಗದು ಗೊತ್ತೇ ಆಗಿರಲಿಲ್ಲ.

ಆದರೂ ಅವಳು ಬಳಗವನ್ನು ಬಿಡಲಿಲ್ಲ. ಕಾಲೇಜಿಗೆ ಮರಳಿದ ಮೂರನೆಯ ವಾರ ಮೊಣಕಾಲಿನ ಕೆಳಗೆ ನೋವು ಶುರುವಾಗಿ, ಒಂದು ದಿನ ಮೆಟ್ಟಿಲು ಇಳಿಯಲೂ ಆಗದೆ ಹೋಯಿತು. ಆಟದ ಮೇಷ್ಟ್ರು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ವಯಸ್ಸಾದ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು.

"ವಯಸ್ಸೆಷ್ಟಮ್ಮ?"

"ಹತ್ತೊಂಬತ್ತು."

"ಈ ಮೂಳೆ ನೋಡಿದ್ರೆ ಅರವತ್ತು ಅಂತೀನಿ. ಊಟ ಮಾಡಿ ಎಷ್ಟು ದಿನ ಆಯ್ತು?"

ಅಷ್ಟು ನೇರವಾಗಿ ಅದನ್ನು ಯಾರೂ ಕೇಳಿರಲಿಲ್ಲ. ಚಿಗರೆ ಬಿಕ್ಕಿ ಬಿಕ್ಕಿ ಅತ್ತಳು. ಕಾಲಿಗೆ ಪಟ್ಟಿ ಬಿತ್ತು. ಎರಡು ತಿಂಗಳು ಓಟ ಬಂದ್, ಮೂರು ಹೊತ್ತೂ ಊಟ ಎಂದರು ಡಾಕ್ಟರಮ್ಮ.

ಹಾಸ್ಟೆಲಿನ ಕೋಣೆಗೆ ನೋಡಲು ಬಂದ ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಮಂಚ ಕಿರುಗುಟ್ಟಲೂ ಇಲ್ಲ.

"ನಿನ್ನ ಜಾಗ ಖಾಲಿ ಇಡೋಕಾಗಲ್ಲ. ಗುಬ್ಬಿ ಸೇರ್ಕೊಂಡಿದ್ದಾಳೆ," ಎಂದಳು, ಬೇಸರವಿಲ್ಲದೆ.

ಗುಬ್ಬಿ ಎಂದರೆ ಪಕ್ಕದ ಕೋಣೆಯ ಮೊದಲ ವರ್ಷದ ಹುಡುಗಿ. ಬಟ್ಟೆ ಒಗೆಯುವಾಗ ಗುನುಗುತ್ತಿದ್ದವಳು, ಸುಮ್ಮಸುಮ್ಮನೆ ನಗುತ್ತಿದ್ದವಳು. ಮೂರು ವಾರಗಳಲ್ಲಿ ಗುನುಗು ನಿಂತಿತು. ಚಿಗರೆ ತಟ್ಟೆಯಲ್ಲಿ ಊಟ ಹಿಡಿದು ಅವಳ ಬಾಗಿಲಿಗೆ ಹೋದಳು.

"ಗುಬ್ಬಿ, ನನ್ನ ಕಾಲು ನೋಡು. ಇದಕ್ಕೆಲ್ಲ ಕಾರಣ ಊಟ ಬಿಟ್ಟದ್ದೇ. ಒಂದು ತುತ್ತು ತಿನ್ನು."

"ಚಿಗರಕ್ಕಾ," ಎಂದಳು ಗುಬ್ಬಿ, ಕಣ್ಣೆತ್ತದೆ, "ನಿಮ್ಮ ಕೈಲಿ ಆಗಲಿಲ್ಲ ಅಂತ ನನ್ನ ಕೈಲೂ ಆಗಬಾರದಾ?"

ಬಾಗಿಲು ಮುಚ್ಚಿತು. ಚಿಗರೆಗೆ ಕೆನ್ನೆಗೆ ಹೊಡೆದಂತಾಯಿತು. ಆ ಮಾತು ಹುಡುಗಿಯದಲ್ಲ, ಅಕ್ಕನದು ಎಂದು ಗೊತ್ತಿದ್ದೂ. ಕುಂಟುತ್ತ ವಾರ್ಡನ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ವಾರ್ಡನ್ ಚಹಾದ ಲೋಟ ಕೆಳಗಿಟ್ಟರು.

"ಬೆಳಿಗ್ಗೆ ಎದ್ದು ಓಡ್ತಾರೆ, ದೇವರ ಧ್ಯಾನ ಮಾಡ್ತಾರೆ. ಇದಕ್ಕಿಂತ ಒಳ್ಳೆ ಮಕ್ಕಳು ಎಲ್ಲಿ ಸಿಗ್ತಾರಮ್ಮ? ನಿಂಗೆ ಜಾಗ ಹೋಯ್ತು ಅಂತ ಹೊಟ್ಟೆಕಿಚ್ಚಾ?"

ಒಂದು ಭಾನುವಾರ ಬೆಳಿಗ್ಗೆ ಚಿಗರೆ ಮೈದಾನದ ಮೆಟ್ಟಿಲ ಮೇಲೆ ಕೂತಿದ್ದಳು. ಬಳಗ ಹತ್ತನೆಯ ಸುತ್ತಿನಲ್ಲಿತ್ತು. ಸಾಲಿನ ಕೊನೆಯಲ್ಲಿದ್ದ ಗುಬ್ಬಿ, ಯಾರೋ ಕರೆದಂತೆ, ತಟ್ಟನೆ ನಿಂತಳು. ಆಮೇಲೆ ನಿಂತ ನಿಲುವಿನಲ್ಲೇ ಕುಸಿದಳು.

"ನಿಲ್ಲಬೇಡಿ! ಅವಳೇ ಏಳ್ತಾಳೆ," ಎಂದು ಅಕ್ಕ ಚಪ್ಪಾಳೆ ತಟ್ಟಿದಳು.

ಏಳು ಹುಡುಗಿಯರೂ ನಿಲ್ಲಲಿಲ್ಲ. ಪೂರ್ತಿ ಒಂದು ಸುತ್ತು ಓಡಿ ಬಂದು, ಬಿದ್ದವಳನ್ನು ಬಳಸಿಕೊಂಡು ಮುಂದೆ ಹೋದರು. ಅವರ ಬೂಟಿನ ಸದ್ದು ಒಂದೇ ಲಯದಲ್ಲಿತ್ತು. ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತ ಚಿಗರೆ ಮೈದಾನ ದಾಟಿದಳು, ಗಂಟಲು ಹರಿಯುವಂತೆ ಮೇಷ್ಟ್ರನ್ನು ಕೂಗಿದಳು. ಗುಬ್ಬಿಯ ತುಟಿ ನೀಲಿಗಟ್ಟಿತ್ತು.

ಆಸ್ಪತ್ರೆಯಲ್ಲಿ ಗುಬ್ಬಿಯನ್ನು ಒಳಗೆ ಕರೆದೊಯ್ದರು. ಎದೆಬಡಿತ ತಾಳ ತಪ್ಪಿದೆ, ರಕ್ತದಲ್ಲಿ ಇರಬೇಕಾದ ಲವಣ ಇಲ್ಲ ಎಂದರು. ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಅವಳನ್ನು ಕಂಡೊಡನೆ ಚಿಗರೆಗೆ ಮೈಯೆಲ್ಲ ಉರಿಯಿತು. ಆದರೆ ಅಕ್ಕ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ತೋಳಿನ ತುಂಬ, ಹಸಿದ ಮೈಯಲ್ಲಿ ಮೂಡುವ, ಎಳೆಮಗುವಿನಂಥ ನಯವಾದ ರೋಮ ಬೆಳೆದಿತ್ತು.

"ಬೆಳಿಗ್ಗೆ ಗುಬ್ಬಿಗೆ ಪ್ರಾರ್ಥನೆಯಲ್ಲಿ ಮನಸ್ಸಿರಲಿಲ್ಲ ಅನ್ಸುತ್ತೆ," ಎಂದಳು.

ಹೊರಗೆ ಬಂದ ಡಾಕ್ಟರಮ್ಮ ಅಕ್ಕನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಅವರ ಮುಖ ಬದಲಾಯಿತು. "ನೀನೂ ಒಳಗೆ ಬಾಮ್ಮ. ಈಗಲೇ."

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಾನು ಚೆನ್ನಾಗೇ ಇದೀನಿ ಡಾಕ್ಟ್ರೇ. ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ."

"ಅಕ್ಕಾ, ಬೇಡ, ಹೋಗ್ಬೇಡಿ," ಎಂದು ಚಿಗರೆ ಹಿಂದೆ ಹೋದಳು. ಕುಂಟುಗಾಲಿಗೆ ಅಕ್ಕ ಸಿಗಲಿಲ್ಲ. ಮೆಟ್ಟಿಲುಗಳ ಮೇಲೆ ಸದ್ದೇ ಇಲ್ಲದೆ ಇಳಿದು ಹೋದಳು.

ಗುಬ್ಬಿ ಬದುಕಿಕೊಂಡಳು. ಹದಿನೈದು ದಿನದ ಮೇಲೆ ಅವಳಪ್ಪ ಬಂದು ಊರಿಗೆ ಕರೆದುಕೊಂಡು ಹೋದ. ಅಕ್ಕ ಪರೀಕ್ಷೆಗೆ ಓದಲೆಂದು ಸೋದರಮಾವನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಒಂದು ಮಧ್ಯಾಹ್ನ ಮಲಗಿದವಳು ಏಳಲೇ ಇಲ್ಲ ಎಂದು ಸುದ್ದಿ ಬಂತು.

ಕಾಲೇಜಿನ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಪ್ರಿನ್ಸಿಪಾಲರು ಅವಳ ಶಿಸ್ತು, ಭಕ್ತಿ, ಆರೋಗ್ಯದ ಕಾಳಜಿ ಎಲ್ಲವನ್ನೂ ಹೊಗಳಿದರು. ಇಂಥ ದೇಹಕ್ಕೆ ಹೃದಯಾಘಾತ ಹೇಗಾಯಿತೋ ದೇವರೇ ಬಲ್ಲ ಎಂದರು. ತುಂಬಾ ದಿನಗಳ ಮೇಲೆ ಚಿಗರೆ ಮನಸ್ಸಿನಲ್ಲಿ ದೇವರನ್ನು ಕರೆದಳು. ಈ ಬಾರಿ ಮಾತ್ರ ಬೇಡಿಕೊಂಡಳು, ದನಿ ಕೊಡು ಎಂದು. ನಂತರ ಎದ್ದು ನಿಂತಳು.

"ಅವರು ಹಸಿದು ಸತ್ತರು ಸಾರ್. ನಾವೆಲ್ಲ ನೋಡ್ತಾ ಇದ್ವಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಬಳಗದ ಏಳು ಹುಡುಗಿಯರಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ. ಒಬ್ಬಳು ತೋಳಿನ ಬಟ್ಟೆಯನ್ನು ಬೆರಳಿನವರೆಗೆ ಎಳೆದುಕೊಂಡಳು.

ಅಂದು ಸಂಜೆ ಅವರಲ್ಲಿ ಇಬ್ಬರು ಚಿಗರೆಯ ಕೋಣೆಗೆ ಬಂದು, ನಿಂತೇ, ಡಾಕ್ಟರಮ್ಮನ ವಿಳಾಸ ಕೇಳಿದರು. ಉಳಿದ ಐವರು ಮರುದಿನ ಆರು ಗಂಟೆಗೆ ಸರಿಯಾಗಿ ಮೈದಾನದಲ್ಲಿದ್ದರು.